ಬೈಪ್ಯಾಪ್ ಹಾಕಿದ ಮೇಲೆ ಬಿಪಿ ಬಿತ್ತು, ಹಾಗಾದ್ರೆ ಮನೆಗೆ ಆ ಮಷೀನ್ ತರಬಾರದಾ?

ಗಂಗಾವತಿ ಹತ್ತಿರದ ಊರಿಂದ ಒಬ್ಬ ಹೆಣ್ಣುಮಗಳು ಬರೆದಿದ್ದಾರೆ, ಪತ್ರ ಉದ್ದ ಇದೆ, ಬೇಕಾದಷ್ಟನ್ನ ಅವರ ಮಾತಲ್ಲೇ ಹಾಕ್ತಿದೀನಿ. ಬೈಪ್ಯಾಪ್ ಅಂದ್ರೆ ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಟ್ಟು ಉಸಿರಾಟಕ್ಕೆ ಆಸರೆ ಆಗೋ ಮಷೀನ್, ಸಿಓಪಿಡಿ ಅಂದ್ರೆ ಉಸಿರಿನ ದಾರಿ ಕಿರಿದಾಗೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇಎಫ್ ಅಂದ್ರೆ ಹಾರ್ಟು ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಹೊರಗೆ ತಳ್ಳುತ್ತೆ ಅನ್ನೋ ಲೆಕ್ಕ, ಪಿಎಚ್ ಅಂದ್ರೆ ರಕ್ತದ ಆಮ್ಲೀಯತೆಯ ಅಳತೆ:

"ಅಪ್ಪಾಜಿಗೆ 66 ವಯಸ್ಸು. 30 ವರ್ಷ ರೈಸ್ ಮಿಲ್ಲಿನಾಗ ಕೆಲಸ, ಜೊತಿಗೆ ಬೀಡಿ. ಸಿಓಪಿಡಿ ಅಂತ ಐದು ವರ್ಷದಿಂದ ಇನ್‌ಹೇಲರ್ ನಡದೈತಿ, ಎಕೋದಾಗ ಇಎಫ್ 40 ಅಂತ ಬಂದೈತಿ. ಹೋದ ತಿಂಗಳು ದಮ್ಮು ಜಾಸ್ತಿ ಆಗಿ, ಮಾತಾಡ್ತಾ ಮಾತಾಡ್ತಾ ತೂಕಡಿಸಾಕ ಹತ್ತಿದ್ರು, ಐಸಿಯುಗೆ ಹಾಕಿದ್ವಿ. ಕಾರ್ಬನ್ ಡೈಆಕ್ಸೈಡ್ 78 ಐತಿ, ಪಿಎಚ್ 7.26 ಐತಿ ಅಂತ ಬೈಪ್ಯಾಪ್ ಮಾಸ್ಕ್ ಹಾಕಿದ್ರು. ಒಂದು ತಾಸಿನಾಗ ಬಿಪಿ 84ಕ್ಕ ಇಳೀತು. ಸಲೈನ್ ಕೊಟ್ಟು ಪ್ರೆಶರ್ ಕಡಿಮಿ ಮಾಡಿದ್ರು, ಆಮ್ಯಾಲೆ ಸರಿ ಆತು. ಆರನೇ ದಿನ ಮನಿಗೆ ಬಂದ್ರು, ಅವತ್ತು ಕಾರ್ಬನ್ ಡೈಆಕ್ಸೈಡ್ 58 ಇತ್ತು. ಈಗ ರಾತ್ರಿ ಹಾಕ್ಕೊಳ್ಳಾಕ ಬೈಪ್ಯಾಪ್ ತಗೋರಿ ಅಂತಾರ, 70 ಸಾವಿರ ಹೇಳ್ಯಾರ. ನಮ್ಮ ಕಾಕಾ ಅಂತಾರ, ಬಿಪಿ ಬಿತ್ತಂದ್ರ ಮಷೀನೇ ಹಾರ್ಟಿಗೆ ಹೊಡತ ಕೊಟ್ಟಂಗ, ಒಮ್ಮೆ ಹಚ್ಚಿದ್ರ ಸಾಯೋತನಕ ಬಿಡಂಗಿಲ್ಲ, ಅದರ ಬದ್ಲು ಆಕ್ಸಿಜನ್ ಮಷೀನ್ ತರೋಣು ಅಂತ. ಹೊಟ್ಟಿ ಬ್ಯಾರೆ ಉಬ್ಬತಿತ್ತು. ಏನ್ ಮಾಡ್ಬೇಕ್ರಿ ಸರ್?"

ನೋಡಮ್ಮಾ, ನಿಮ್ಮ ಕಾಕಾ ಹೇಳಿದ್ರಲ್ಲಿ ಒಂದು ಮಾತು ಅರ್ಧ ನಿಜ, ಇನ್ನೆರಡು ತಪ್ಪು. ಮಾಸ್ಕ್ ಹಾಕಿದ್ದಕ್ಕೂ ಬಿಪಿ ಬಿದ್ದಿದ್ದಕ್ಕೂ ಸಂಬಂಧ ಇರೋ ಸಾಧ್ಯತೆ ಜಾಸ್ತೀನೇ ಇದೆ, ಅದನ್ನ ನಾನು ಮುಚ್ಚಿಡಲ್ಲ. ಆದರೆ ಬಿಪಿ ಬೀಳೋದು ಬೇರೆ, ಹಾರ್ಟಿಗೆ ಪೆಟ್ಟಾಗೋದು ಬೇರೆ. ಇದು ಅರ್ಥ ಆಗ್ಬೇಕು ಅಂದ್ರೆ ನಾವು ಉಸಿರಾಡೋದು ಹೇಗೆ, ಮಷೀನು ಉಸಿರಾಡಿಸೋದು ಹೇಗೆ ಅಂತ ಸ್ವಲ್ಪ ನೋಡ್ಬೇಕು.

ನಾವು ಗಾಳೀನ ಒಳಗೆ ತಳ್ಕೊಳ್ಳಲ್ಲ, ಎಳ್ಕೊಳ್ತೀವಿ. ಎದೆಗೂ ಹೊಟ್ಟೆಗೂ ನಡುವೆ ಇರೋ ವಪೆ ಅನ್ನೋ ಸ್ನಾಯು ಕೆಳಗೆ ಜಗ್ಗುತ್ತೆ, ಕಮ್ಮಾರನ ತಿದಿ ಬಾಯಿ ತೆರೆದಾಗ ಗಾಳಿ ತುಂಬ್ಕೊಳ್ಳುತ್ತಲ್ಲ ಹಾಗೆ ಎದೆಗೂಡು ಗಾಳಿ ಎಳ್ಕೊಳ್ಳುತ್ತೆ. ಜನಕ್ಕೆ ಗೊತ್ತಿಲ್ದೇ ಇರೋ ಸಂಗತಿ ಏನಂದ್ರೆ ಅದೇ ಎಳೆತಕ್ಕೆ ಗಾಳಿ ಜೊತೆ ರಕ್ತಾನೂ ಬರುತ್ತೆ, ಕಾಲು ಹೊಟ್ಟೆ ತಲೆ ಕಡೆಯಿಂದ ವಾಪಸ್ ಬರೋ ರಕ್ತ ಪ್ರತಿ ಉಸಿರಿಗೂ ಹಾರ್ಟಿನ ಬಲಭಾಗಕ್ಕೆ ಸ್ವಲ್ಪ ಜಾಸ್ತಿ ನುಗ್ಗುತ್ತೆ. ಬೈಪ್ಯಾಪ್ ಇದನ್ನ ಉಲ್ಟಾ ಮಾಡುತ್ತೆ. ಅದು ಹೊರಗಿಂದ ಗಾಳಿ ತಳ್ಳುತ್ತೆ, ಎದೆಯೊಳಗೆ ಒತ್ತಡ ಏರುತ್ತೆ, ವಾಪಸ್ ಬರೋ ರಕ್ತಕ್ಕೆ ಅಡ್ಡಿ ಆಗುತ್ತೆ.

ಎಷ್ಟು ಅಡ್ಡಿ? ಮಷೀನಲ್ಲಿ 14 ಅಂತ ಇಟ್ರೆ ಅದು 14 ಸೆಂಟಿಮೀಟರ್ ನೀರಿನ ಒತ್ತಡ, ಬಿಪಿ ಲೆಕ್ಕಕ್ಕೆ ತಂದ್ರೆ ಸುಮಾರು 10. ಬಿಪಿ 120 ಇರೋರಿಗೆ 10 ಯಾವ ಲೆಕ್ಕ ಅನ್ಸುತ್ತೆ. ಆದರೆ 120 ಇರೋದು ಅಪಧಮನಿಯಲ್ಲಿ, ಅಂದ್ರೆ ಹಾರ್ಟಿಂದ ಹೊರಗೆ ಹೋಗೋ ಕಡೆ. ವಾಪಸ್ ಬರೋ ಕಡೆ ರಕ್ತನ ತಳ್ಳೋ ಒತ್ತಡ ಬರೀ 7, 8ರ ಆಸುಪಾಸು, ಅಷ್ಟೇ. ನಿಮ್ಮ ಕಡೆ ತುಂಗಭದ್ರಾ ಕಾಲುವೆ ನೋಡಿದೋರಿಗೆ ಇದನ್ನ ವಿವರಿಸೋದೇ ಬೇಡ, ಕಾಲುವೆ ತುಂಬಿ ಹರೀತಿದ್ರೆ ಗದ್ದೆ ಬಾಯಿ ನಾಲ್ಕು ಬೆರಳು ಎತ್ತರ ಇದ್ರೂ ನೀರು ನುಗ್ಗುತ್ತೆ, ಕಾಲುವೇಲಿ ನೀರೇ ಕಮ್ಮಿ ಇದ್ದಾಗ ಅದೇ ನಾಲ್ಕು ಬೆರಳು ದಾಟಕ್ಕಾಗಲ್ಲ. ರಕ್ತನಾಳದಲ್ಲಿ ನೀರಿನಂಶ ಸಾಕಷ್ಟು ಇದ್ದೋರಿಗೆ ಮಾಸ್ಕಿನ ಒತ್ತಡ ಲೆಕ್ಕಕ್ಕೇ ಬರಲ್ಲ, ಒಣಗಿದೋರಿಗೆ ಬಿಪಿ ದಪ್ಪಂತ ಬೀಳುತ್ತೆ.

ನಿಮ್ಮ ಅಪ್ಪಾಜಿ ವಿಷಯಕ್ಕೆ ಬರೋಣ. ಅಡ್ಮಿಟ್ ಆಗೋ ಮುಂಚೆ ಎರಡು ದಿನ ಊಟ ಸೇರಿರಲಿಲ್ಲ, ಕಾಲು ಬಾತಿದೆ ಅಂತ ಲ್ಯಾಸಿಕ್ಸ್ (ಮೈಯ ನೀರನ್ನ ಮೂತ್ರದಲ್ಲಿ ಹೊರಹಾಕೋ ಔಷಧಿ) ಎರಡು ಹೊತ್ತು ಮಾಡಿದ್ರು ಅಂತ ಪತ್ರದ ಕೊನೇಲಿ ಬರೆದಿದೀರ. ನನಗೆ ಪತ್ರದಲ್ಲಿ ಕಣ್ಣಿಗೆ ಬಿದ್ದಿದ್ದೇ ಈ ಸಾಲು. ದಮ್ಮು ಇರೋರು ನೀರು ಕುಡಿಯೋಕೂ ಆಗದೆ ಇರ್ತಾರೆ, ಒಂದು ಗುಟುಕು ನುಂಗೋದಕ್ಕೂ ಉಸಿರು ಹಿಡೀಬೇಕಲ್ಲ, ಅದರ ಮೇಲೆ ಲ್ಯಾಸಿಕ್ಸ್, ಏದುಸಿರಲ್ಲಿ ಬಾಯಿಂದ ಹೋಗೋ ತೇವ ಬೇರೆ. ಕಾಲಲ್ಲಿ ನೀರು ತುಂಬಿದ್ರೂ ರಕ್ತನಾಳದೊಳಗೆ ಕಮ್ಮಿ ಇರಬಹುದು. ಇನ್ನೊಂದು ಕಾರಣಾನೂ ಸೇರ್ಕೊಳ್ಳುತ್ತೆ, ಉಸಿರುಗಟ್ಟಿದ ಮನುಷ್ಯನ ಮೈಯಲ್ಲಿ ಅಡ್ರಿನಾಲಿನ್ ಉಕ್ಕಿ ಬಿಪಿನ ಎತ್ತಿ ಹಿಡಿದಿರುತ್ತೆ, ಮಾಸ್ಕ್ ಹಾಕಿ ಒಂದರ್ಧ ಗಂಟೆ ಆರಾಮ ಸಿಕ್ಕ ಕೂಡಲೇ ಆ ಆಸರೆ ಇಳಿಯುತ್ತೆ, ಒಳಗಿದ್ದ ಕೊರತೆ ಆಗ ಕಾಣುತ್ತೆ. ಸಿಓಪಿಡಿ ಶ್ವಾಸಕೋಶ ಜಾಳು ಜಾಳಾಗಿರೋದ್ರಿಂದ ಒತ್ತಡ ಹಾರ್ಟಿನವರೆಗೆ ಜಾಸ್ತಿ ದಾಟುತ್ತೆ, ಉಸಿರು ಪೂರ್ತಿ ಹೊರಗೆ ಬಿಡೋ ಮುಂಚೆನೇ ಮುಂದಿನ ಉಸಿರು ತಗೊಳ್ಳೋದ್ರಿಂದ ಗಾಳಿ ಒಳಗೇ ಕಟ್ಕೊಂಡು ಆ ಒತ್ತಡಾನೂ ಸೇರುತ್ತೆ. ಸಲೈನ್ ಕೊಟ್ಟು ಪ್ರೆಶರ್ ಇಳಿಸಿದ ಮೇಲೆ ಬಿಪಿ ಎದ್ದು ನಿಂತಿತು, ಮಾಸ್ಕ್ ಮುಂದುವರೀತು, ಆರನೇ ದಿನ ಮನೆಗೆ ಬಂದ್ರು. ಹಾರ್ಟಿಗೆ ಪೆಟ್ಟಾಗಿದ್ರೆ ಸಾಮಾನ್ಯವಾಗಿ ಇಷ್ಟು ಸುಲಭವಾಗಿ ಸರಿಹೋಗಲ್ಲ. ಇಂಥ ಹೊತ್ತಲ್ಲಿ ನಾವು ಇನ್ನೂ ಎರಡು ನೋಡ್ತೀವಿ, ಎದೆ ಎರಡೂ ಕಡೆ ಸಮ ಏಳ್ತಿದೆಯಾ ಅಂತ, ಯಾಕಂದ್ರೆ ಶ್ವಾಸಕೋಶದಲ್ಲಿ ಗುಳ್ಳೆ ಒಡೆದು ಹೊರಗೆ ಗಾಳಿ ಸೇರಿದ್ರೂ ಬಿಪಿ ಬೀಳುತ್ತೆ, ಆಮೇಲೆ ಇಸಿಜಿ, ಹಾರ್ಟ್ ಅಟ್ಯಾಕ್ ಆಗಿದೆಯಾ ಅಂತ. ಅವೆರಡರಲ್ಲಿ ಯಾವುದಾದ್ರೂ ಇದ್ದಿದ್ರೆ ಸಾಮಾನ್ಯವಾಗಿ ಬರೀ ಸಲೈನಿಗೆ ಬಗ್ಗಲ್ಲ.

ಇದು ಹೊಸ ವಿಷಯ ಏನೂ ಅಲ್ಲ. ಒತ್ತಡದಿಂದ ಉಸಿರಾಡಿಸಿದ್ರೆ ಹಾರ್ಟು ಹೊರಗೆ ತಳ್ಳೋ ರಕ್ತ ಕಮ್ಮಿ ಆಗುತ್ತೆ ಅಂತ ಕೂರ್ನಾನ್ ಮತ್ತವರ ಜೊತೆಗಾರರು 1948ರಲ್ಲೇ ಅಳೆದು ತೋರಿಸಿದ್ರು, ಇದೇ ಕೂರ್ನಾನ್‌ಗೆ ಹಾರ್ಟಿನೊಳಗೆ ಕ್ಯಾಥೆಟರ್ ಹಾಕಿ ಅಳೆಯೋ ಕೆಲಸಕ್ಕೆ 1956ರಲ್ಲಿ ನೊಬೆಲ್ ಬಂತು. ಅಂದ್ರೆ ಮಾಸ್ಕ್ ಹಾಕಿದ ಮೊದಲ ಗಂಟೆ ಬಿಪಿ ಮೇಲೆ ಕಣ್ಣಿಡಬೇಕು ಅನ್ನೋದು ಎಪ್ಪತ್ತು ವರ್ಷಕ್ಕೂ ಹಳೇ ಪಾಠ.

ಈಗ ಕಾಕಾ ಅವರಿಗೆ ಗೊತ್ತಿಲ್ಲದ ಇನ್ನೊಂದು ಅರ್ಧ ಹೇಳ್ತೀನಿ. ಹಾರ್ಟಿನ ಬಲಭಾಗಕ್ಕೆ ಬರೋ ರಕ್ತನ ತಡೆಯೋ ಅದೇ ಒತ್ತಡ ಎಡಭಾಗಕ್ಕೆ ಸಹಾಯ ಮಾಡುತ್ತೆ. ಎಡಭಾಗದ ಕೆಲಸ ರಕ್ತನ ಎದೆಯಿಂದ ಹೊರಗೆ, ಇಡೀ ಮೈಗೆ ತಳ್ಳೋದು. ಸುತ್ತ ಇರೋ ಎದೆಗೂಡಿನ ಒತ್ತಡಾನೂ ಹೊರಗಿಂದ ಹಿಸುಕಿದ್ರೆ ಹಾರ್ಟ್ ತಾನೊಂದೇ ಅಷ್ಟು ಬಲ ಹಾಕಬೇಕಿಲ್ಲ, ನೆನೆದ ಕಂಬಳೀನ ಒಬ್ಬರು ಹಿಂಡೋ ಬದಲು ಇಬ್ಬರು ಹಿಂಡಿದ ಹಾಗೆ. ದಮ್ಮು ಕಟ್ಟಿ ಜೋರಾಗಿ ಎಳೀತಿರೋ ಮನುಷ್ಯನಲ್ಲಿ ಉಲ್ಟಾ ನಡೀತಿರುತ್ತೆ, ಪ್ರತಿ ಎಳೆತವೂ ಹಾರ್ಟಿನ ಗೋಡೇನ ಹೊರಗೆ ಜಗ್ಗುತ್ತೆ, ಹಾರ್ಟು ಆ ಜಗ್ಗಾಟದ ವಿರುದ್ಧ ದುಡೀಬೇಕು. ಇದರ ಜೊತೆ ಉಸಿರಾಟದ ಸ್ನಾಯುಗಳೇ ಅಷ್ಟೊಂದು ರಕ್ತ ಕೇಳ್ತಿರ್ತವೆ. ಮಾಸ್ಕು ಇವೆರಡನ್ನೂ ಇಳಿಸುತ್ತೆ. ಹಾಗಾಗಿ ಇಎಫ್ 40 ಇದೆ ಅನ್ನೋದೊಂದೇ ಕಾರಣಕ್ಕೆ ಬೈಪ್ಯಾಪ್ ಬೇಡ ಅನ್ನೋ ಹಾಗಿಲ್ಲ.

ಹಾರ್ಟ್ ಫೇಲ್ಯೂರಿಂದ ಶ್ವಾಸಕೋಶಕ್ಕೆ ನೀರು ತುಂಬ್ಕೊಂಡು ಬರೋರನ್ನ ನೋಡಿದ್ರೆ ಇದು ಕಣ್ಣಿಗೇ ಕಾಣುತ್ತೆ. ರಾತ್ರಿ ಎರಡು ಗಂಟೆಗೆ ಬರ್ತಾರೆ, ಮಲಗಕ್ಕಾಗದೆ ಸ್ಟ್ರೆಚರ್ ಮೇಲೆ ಕೂತ್ಕೊಂಡೇ, ಎರಡೂ ಕೈ ಮಂಡಿ ಮೇಲೆ ಊರಿ, ಬಾಯಂಚಲ್ಲಿ ಗುಲಾಬಿ ಬಣ್ಣದ ನೊರೆ, ಅಂಗಿ ಬೆವರಿಗೆ ಬೆನ್ನಿಗೆ ಅಂಟಿರುತ್ತೆ. ಮಾಸ್ಕ್ ಕಂಡ್ರೆ ತಳ್ತಾರೆ, ಉಸಿರೇ ಸಿಗ್ತಿಲ್ಲ ಮುಖಾನೂ ಮುಚ್ತೀರಾ ಅಂತ. ನಾನು ಬೆಲ್ಟ್ ಕಟ್ಟೋದೇ ಇಲ್ಲ ಮೊದಲು, ಅವರ ಕೈಯನ್ನೇ ಮಾಸ್ಕ್ ಮೇಲೆ ಇಟ್ಟು ಮೇಲಿಂದ ನನ್ನ ಕೈ ಇಟ್ಟು, ಕಮ್ಮಿ ಪ್ರೆಶರಲ್ಲಿ, ಸುಮಾರು ಐದಾರರಲ್ಲಿ, ನಾಲ್ಕೈದು ಉಸಿರು ತಗೊಳ್ಳೋಕೆ ಬಿಡ್ತೀನಿ, ಬೇಡ ಅನ್ಸಿದ್ರೆ ನೀವೇ ತೆಗೀಬಹುದು ಅಂತ ಹೇಳಿ. ಹತ್ತು ನಿಮಿಷಕ್ಕೆ ಹೆಗಲು ಕೆಳಗಿಳಿಯುತ್ತೆ, ಇಪ್ಪತ್ತು ನಿಮಿಷಕ್ಕೆ ಕಣ್ಣು ನಮ್ಮ ಕಡೆ ತಿರುಗುತ್ತೆ. 1936ರಲ್ಲಿ ಲಂಡನ್ನಿನ ಪೌಲ್ಟನ್ ಅನ್ನೋ ಡಾಕ್ಟ್ರು ಮನೆ ಗುಡಿಸೋ ವ್ಯಾಕ್ಯೂಮ್ ಕ್ಲೀನರಿನ ಗಾಳೀನ ಉಲ್ಟಾ ತಿರುಗಿಸಿ ಮಾಸ್ಕಿಗೆ ಕೊಟ್ಟು ಇಂಥ ರೋಗಿಗಳಿಗೆ ಆರಾಮ ಕೊಟ್ಟಿದ್ರು. ಆದರೆ ಅತಿಯಾಗಿ ಹೇಳಬಾರದು, 2008ರಲ್ಲಿ ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಇಂಥ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಮಾಸ್ಕಿನಿಂದ ದಮ್ಮು ಬೇಗ ಇಳೀತು, ಸಾವಿನ ಸಂಖ್ಯೆಯಲ್ಲಿ ಮಾತ್ರ ಬರೀ ಆಕ್ಸಿಜನ್ ಕೊಟ್ಟೋರಿಗಿಂತ ವ್ಯತ್ಯಾಸ ಕಾಣಲಿಲ್ಲ.

ಬಲಭಾಗದ ವಿಷಯ ಸ್ವಲ್ಪ ನಾಜೂಕು. ಅದರ ಗೋಡೆ ತೆಳು. ಶ್ವಾಸಕೋಶನ ಅತಿಯಾಗಿ ಉಬ್ಬಿಸಿದ್ರೆ ಅದರೊಳಗಿನ ಸಣ್ಣ ರಕ್ತನಾಳ ಹಿಸುಕಿದ ಹಾಗಾಗಿ ಬಲಭಾಗಕ್ಕೆ ಹೊರೆ ಬೀಳುತ್ತೆ, ಅತಿಯಾಗಿ ಕುಗ್ಗಿದ್ರೂ ಬೀಳುತ್ತೆ, ಆಕ್ಸಿಜನ್ ಕಮ್ಮಿ ಇದ್ದು ಕಾರ್ಬನ್ ಡೈಆಕ್ಸೈಡ್ ಏರಿದ್ರೆ ಆ ನಾಳಗಳು ತಾವಾಗೇ ಬಿಗಿಯುತ್ತವೆ. ಅಪ್ಪಾಜಿ ಕಾಲು ಬಾಯೋದು ಈ ಬಲಭಾಗ ದಣಿದಿದ್ದಕ್ಕೂ ಇರಬಹುದು, ಎಕೋ ಮಾಡಿದೋರನ್ನ ಅದನ್ನ ಬೇರೆಯಾಗಿ ಕೇಳಿ, ಇಎಫ್ 40 ಅನ್ನೋದು ಎಡಭಾಗದ ನಂಬರ್ ಮಾತ್ರ.

ಶ್ವಾಸಕೋಶಕ್ಕೇ ಹಾನಿ ಆಗಲ್ವಾ ಅಂತಾನೂ ತುಂಬಾ ಜನ ಕೇಳ್ತಾರೆ. ಆಗಬಹುದು, ಪ್ರಮಾಣ ತಪ್ಪಿದ್ರೆ. ಟ್ಯೂಬ್ ಹಾಕಿ ವೆಂಟಿಲೇಟರಿನಲ್ಲಿ ಇಟ್ಟ ತೀವ್ರ ಶ್ವಾಸಕೋಶದ ರೋಗಿಗಳಲ್ಲಿ ಇದನ್ನ ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ಪರೀಕ್ಷೆ ತೋರಿಸ್ತು, 861 ಜನ, ಎತ್ತರದಿಂದ ಲೆಕ್ಕ ಹಾಕಿದ ತೂಕದ ಪ್ರತಿ ಕೆಜಿಗೆ 12 ಮಿಲಿಲೀಟರ್ ಗಾಳಿ ಕೊಟ್ಟ ಗುಂಪಲ್ಲಿ 100ಕ್ಕೆ ಸುಮಾರು 40 ಜನ ತೀರ್ಕೊಂಡ್ರು, 6 ಮಿಲಿಲೀಟರ್ ಕೊಟ್ಟ ಗುಂಪಲ್ಲಿ 31. ರೋಗ ಅದೇ, ಮಷೀನ್ ಅದೇ, ಇಟ್ಟ ನಂಬರ್ ಬೇರೆ. ಮನೇಲಿ ರಾತ್ರಿ ಹಾಕೋ ಮಾಸ್ಕಲ್ಲಿ ಅಂಥ ಗಾಯ ಅಪರೂಪ, ಮಾಸ್ಕ್ ಬದಿಯಿಂದ ಗಾಳಿ ಸೋರ್ತಾನೇ ಇರುತ್ತೆ, ಉಸಿರು ಶುರು ಮಾಡೋದು ಸಾಮಾನ್ಯವಾಗಿ ರೋಗಿಯೇ. ಆದರೂ ಸಿಓಪಿಡಿಯಲ್ಲಿ ದೊಡ್ಡ ಗುಳ್ಳೆಗಳಿರ್ತವೆ ಕೆಲವರಿಗೆ, ಅದಕ್ಕೇ ಒಂದು ಮಾತು ನೆನಪಿಟ್ಕೊಳ್ಳಿ, ಒಂದೇ ಕಡೆ ಎದೇಲಿ ಇದ್ದಕ್ಕಿದ್ದ ಹಾಗೆ ಚುಚ್ಚು ನೋವು ಬಂದು ದಮ್ಮು ಜಾಸ್ತಿ ಆದ್ರೆ ಮಾಸ್ಕ್ ತೆಗೆದು ಸೀದಾ ಆಸ್ಪತ್ರೆಗೆ, ಬೆಳಗಾಗಲಿ ಅಂತ ಕಾಯಬೇಡಿ.

ಒಮ್ಮೆ ಹಚ್ಚಿದ್ರೆ ಬಿಡೋ ಹಾಗಿಲ್ಲ ಅನ್ನೋ ಭಯಕ್ಕೆ ಬರ್ತೀನಿ. ಇದು ಎಲ್ಲಿಂದ ಬಂತು ಅಂತ ನನಗೆ ಅರ್ಥ ಆಗುತ್ತೆ, ಐಸಿಯು ಹೊರಗೆ ಬೆಂಚ್ ಮೇಲೆ ಕೂತೋರು ಮಷೀನ್ ಹಾಕಿದೋರು ವಾಪಸ್ ಬರದೇ ಇದ್ದಿದ್ದನ್ನ ನೋಡಿರ್ತಾರೆ. ಆದರೆ ಅವರು ಹೋಗಿದ್ದು ರೋಗದಿಂದ. 1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಬಂದಾಗ ಉಸಿರಾಟದ ಸ್ನಾಯು ಸೋತವರಿಗೆ ಗಂಟಲಲ್ಲಿ ಟ್ಯೂಬ್ ಹಾಕಿ ಗಾಳಿ ಒತ್ತೋದನ್ನ ಇಬ್ಸೆನ್ ಅನ್ನೋ ಅರಿವಳಿಕೆ ಡಾಕ್ಟ್ರು ಶುರು ಮಾಡಿದ್ರು, ಮಷೀನ್ ಸಾಕಾಗದೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಮೇಲೆ ಕೂತು ಕೈಯಲ್ಲೇ ಚೀಲ ಒತ್ತಿದ್ರು, ಅದಕ್ಕೂ ಮುಂಚೆ ಅಂಥ ರೋಗಿಗಳಲ್ಲಿ ಬಹುಪಾಲು ಜನ ಸಾಯ್ತಿದ್ರು, ಆಮೇಲೆ ಬಹುಪಾಲು ಉಳಿದ್ರು. ಅವರಲ್ಲಿ ಎಷ್ಟೋ ಜನ ಚೇತರಿಸ್ಕೊಂಡು ತಾವೇ ಉಸಿರಾಡಿದ್ರು. ಬೈಪ್ಯಾಪ್ ಅಂತೂ ಟ್ಯೂಬ್ ಕೂಡ ಅಲ್ಲ, ಮಾಸ್ಕ್, ತೆಗೆದು ಊಟ ಮಾಡಬಹುದು, ಮಾತಾಡಬಹುದು, ಹಗಲೆಲ್ಲ ಇಲ್ಲದೇನೇ ಇರಬಹುದು. ಮೈ ಅದಕ್ಕೆ ಚಟಕ್ಕೆ ಬಿದ್ದ ಹಾಗೆ ಬೀಳಲ್ಲ. ಹಳೇ ದಾರಿ ಬದೀಲಿ ಹೊರೆಗಲ್ಲು ಇರ್ತಿತ್ತಲ್ಲ, ತಲೆ ಹೊರೆ ಇಳಿಸಿ ಸ್ವಲ್ಪ ಹೊತ್ತು ನಿಂತ್ಕೊಳ್ಳೋದಕ್ಕೆ, ಇದೂ ಅದೇ ಕೆಲಸ ಮಾಡುತ್ತೆ. ಹಗಲಿಡೀ ದುಡಿದ ಸ್ನಾಯು ರಾತ್ರಿ ಆರೇಳು ಗಂಟೆ ಸುಧಾರಿಸ್ಕೊಳ್ಳುತ್ತೆ, ರಾತ್ರಿ ಕಾರ್ಬನ್ ಡೈಆಕ್ಸೈಡ್ ಇಳಿದ್ರೆ ಮೆದುಳಿನ ಉಸಿರಾಟದ ಕೇಂದ್ರ ಹಗಲೂ ಸ್ವಲ್ಪ ಚುರುಕಾಗುತ್ತೆ. ಕೆಲವರಿಗೆ ವರ್ಷಗಟ್ಟಲೆ ಬೇಕಾಗುತ್ತೆ ನಿಜ, ಅದು ಕಾಯಿಲೆ ಮುಂದುವರಿದಿರೋದ್ರಿಂದ.

ಆಕ್ಸಿಜನ್ ಮಷೀನ್ ತರೋಣ ಅನ್ನೋ ಸಲಹೆ ಇದ್ದಿದ್ರಲ್ಲೆಲ್ಲ ನನಗೆ ಜಾಸ್ತಿ ಭಯ ತರೋದು. ಅಪ್ಪಾಜಿಗೆ ಆಗಿದ್ದು ಗಾಳಿ ಒಳಗೆ ಹೊರಗೆ ಸಾಕಷ್ಟು ಆಡದೇ ಹೊಗೆ ಕಟ್ಟಿದ ಹಾಗೆ ಕಾರ್ಬನ್ ಡೈಆಕ್ಸೈಡ್ ಕಟ್ಕೊಂಡಿದ್ದು. ಅಡುಗೆಮನೇಲಿ ಹೊಗೆ ತುಂಬಿದ್ರೆ ಕಿಟಕಿ ತೆಗೀಬೇಕು. ಆಕ್ಸಿಜನ್ ಕಾನ್ಸಂಟ್ರೇಟರ್ ಆಕ್ಸಿಜನ್ ಕೊಡುತ್ತೆ, ಉಸಿರನ್ನ ತಳ್ಳಲ್ಲ, ಒಳಗೆ ಕಟ್ಟಿದ್ದನ್ನ ಹೊರಗೆ ಹಾಕಲ್ಲ. ಜಾಸ್ತಿ ಲೀಟರ್ ತಿರುಗಿಸಿದ್ರೆ ಇಂಥ ರೋಗಿಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರುತ್ತೆ, ಬೆರಳಿನ ಮೀಟರ್ 98 ತೋರಿಸ್ತಾ ಇರುತ್ತೆ, ಮನೆಯೋರು ಖುಷಿಯಾಗಿರ್ತಾರೆ, ರೋಗಿ ತೂಕಡಿಸ್ತಾ ಪ್ರಜ್ಞೆ ತಪ್ಪೋ ಕಡೆ ಹೋಗ್ತಿರ್ತಾನೆ. ಅವರ ಮೀಟರ್ 88ರಿಂದ 92ರೊಳಗೆ ಇರಬೇಕು, ಅದೇ ಅವರಿಗೆ ಸರಿ. ಆಕ್ಸಿಜನ್ ಬೇಕೇ ಬೇಕು ಅಂತ ಡಾಕ್ಟ್ರು ಹೇಳಿದ್ರೆ ಅವರು ಬರೆದಷ್ಟೇ ಲೀಟರ್, ಹತ್ತಿರ ಬೀಡಿ ದೀಪ ಊದಿನಕಡ್ಡಿ ಯಾವುದೂ ಇರಬಾರದು.

ಹಾಗಾದ್ರೆ 70 ಸಾವಿರ ಕೊಟ್ಟು ತಗೊಳ್ಳೋದಾ? ಇವತ್ತೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಡಿಸ್ಚಾರ್ಜ್ ದಿನ ಇದ್ದ 58 ಕೊನೇ ನಂಬರ್ ಅಲ್ಲ, ಕೆಲವರದು ಮನೆಗೆ ಬಂದ ಎರಡು ಮೂರು ವಾರದಲ್ಲಿ ತಾನಾಗೇ ಇಳಿಯುತ್ತೆ. ಬ್ರಿಟನ್ನಿನಲ್ಲಿ 2017ರಲ್ಲಿ ಬಂದ ಒಂದು ಒಳ್ಳೇ ಅಧ್ಯಯನ ಇದನ್ನೇ ಮಾಡ್ತು, ದಮ್ಮಿನ ಅಟ್ಯಾಕ್ ಕಳೆದು ಎರಡರಿಂದ ನಾಲ್ಕು ವಾರ ಆದ ಮೇಲೂ ಕಾರ್ಬನ್ ಡೈಆಕ್ಸೈಡ್ 53 ದಾಟಿದ್ದ 116 ಸಿಓಪಿಡಿ ರೋಗಿಗಳನ್ನ ತಗೊಂಡು ಅರ್ಧ ಜನಕ್ಕೆ ಬರೀ ಆಕ್ಸಿಜನ್, ಅರ್ಧ ಜನಕ್ಕೆ ಆಕ್ಸಿಜನ್ ಜೊತೆ ರಾತ್ರಿ ಮಾಸ್ಕ್ ಕೊಟ್ರು. ಮತ್ತೆ ಆಸ್ಪತ್ರೆ ಸೇರೋದು ಇಲ್ಲಾ ತೀರ್ಕೊಳ್ಳೋದು, ಇವೆರಡರಲ್ಲಿ ಒಂದು ಗುಂಪಿನ ಅರ್ಧ ಜನಕ್ಕೆ ಆಗೋಕೆ ಬರೀ ಆಕ್ಸಿಜನ್ನಿನವರಲ್ಲಿ 1.4 ತಿಂಗಳು ಹಿಡೀತು, ಮಾಸ್ಕ್ ಇದ್ದೋರಲ್ಲಿ 4.3 ತಿಂಗಳು. ಮಾಯ ಏನಿಲ್ಲ, ಆದರೆ ಪದೇ ಪದೇ ಐಸಿಯುಗೆ ಓಡೋ ಮನೆಯೋರಿಗೆ ಅದು ಸಣ್ಣದಲ್ಲ. ಹೋದ ತಿಂಗಳ ಮಾತು ಅಂದ್ರೆ ನಿಮಗೂ ಆ ಸಮಯ ಬಂದಿದೆ, ಈ ವಾರಾನೇ ಎಬಿಜಿ (ರಕ್ತದ ಕಾರ್ಬನ್ ಡೈಆಕ್ಸೈಡ್, ಪಿಎಚ್ ಅಳೆಯೋ ಪರೀಕ್ಷೆ) ಇನ್ನೊಂದ್ಸಲ ಮಾಡಿಸಿ. 53ಕ್ಕಿಂತ ಮೇಲೇ ಇದ್ರೆ ಒಂದು ತಿಂಗಳು ಬಾಡಿಗೆಗೆ ತಗೊಳ್ಳಿ, ಹೊಸಪೇಟೆ, ಬಳ್ಳಾರಿ, ಹುಬ್ಬಳ್ಳಿ ಕಡೆ ವಿಚಾರಿಸಿ. ಅವರು ರಾತ್ರಿ ಐದಾರು ಗಂಟೆ ಹಾಕ್ಕೊಳ್ಳೋಕೆ ಒಗ್ಗಿದ್ರೆ, ಬೆಳಗಿನ ತಲೆನೋವು ತೂಕಡಿಕೆ ಇಳಿದ್ರೆ ಆಗ ಕೊಂಡ್ಕೊಳ್ಳಿ. ಇಳಿದು ನಾರ್ಮಲ್ ಹತ್ತಿರ ಬಂದಿದ್ರೆ ಮಷೀನ್ ಇಲ್ಲದೇ ನೋಡ್ಕೊಂಡು ಹೋಗಬಹುದು, ಆದರೆ ಮುಂದಿನ ಅಟ್ಯಾಕಲ್ಲಿ ಬೇಗ ಆಸ್ಪತ್ರೆಗೆ ಬರಬೇಕು ಅನ್ನೋ ಷರತ್ತಿನ ಮೇಲೆ. ಈ 53ಕ್ಕಿಂತ ಮೇಲಿದ್ದೂ ಏನೂ ಬೇಡ ಅಂತ ಬಿಟ್ರೆ ಮತ್ತೆ ಅದೇ ತೂಕಡಿಕೆ, ಅದೇ ಐಸಿಯು.

ಅಂಗಡೀಲಿ ಒಂದು ಎಚ್ಚರ. ಎಎಸ್‌ವಿ ಅನ್ನೋ ಮೋಡ್ ಇರೋ ದುಬಾರಿ ಮಷೀನ್ ತೋರಿಸಿ ಇದು ತಾನೇ ಅಡ್ಜಸ್ಟ್ ಮಾಡ್ಕೊಳ್ಳುತ್ತೆ ಅಂತ ಹೇಳಿದ್ರೆ ಬೇಡ ಅನ್ನಿ. ಇಎಫ್ 45 ಅಥವಾ ಅದಕ್ಕಿಂತ ಕಮ್ಮಿ ಇದ್ದು, ನಿದ್ದೇಲಿ ಮೆದುಳಿನ ಕಾರಣಕ್ಕೆ ಉಸಿರು ನಿಲ್ಲೋ ತೊಂದರೆ ಇದ್ದ ಹಾರ್ಟ್ ರೋಗಿಗಳಲ್ಲಿ ಆ ಮೋಡಿನಿಂದ ಸಾವು ಜಾಸ್ತಿ ಆಗಿದ್ದು 2015ರ ಅಧ್ಯಯನದಲ್ಲಿ ಕಂಡಿತ್ತು. ನಿಮಗೆ ಬರೆದಿರೋದು ಮಾಮೂಲಿ ಬೈಪ್ಯಾಪ್, ಬ್ಯಾಕಪ್ ರೇಟ್ (ರೋಗಿ ಉಸಿರು ಶುರು ಮಾಡದಿದ್ರೆ ಮಷೀನೇ ಉಸಿರು ಕೊಡೋದು) ಇರೋದನ್ನ ಕೇಳಿ. ನಂಬರ್‌ಗಳನ್ನ ಡಾಕ್ಟ್ರ ಚೀಟಿ ಇಲ್ಲದೇ ಅಂಗಡಿಯೋರಾಗಲಿ ನೀವಾಗಲಿ ಮುಟ್ಟಬಾರದು, ಮೊದಲ ರಾತ್ರಿಗಳಲ್ಲಿ ಹಾಕೋ ಮುಂಚೆ ಮತ್ತು ಹಾಕಿ ಒಂದು ಗಂಟೆಗೆ ಬಿಪಿ ನೋಡಿ ಬರೆದಿಡಿ. ಭೇದಿ ವಾಂತಿ ಜ್ವರ ಬಂದು ನೀರು ಸೇರದ ದಿನ ಲ್ಯಾಸಿಕ್ಸ್ ಎಷ್ಟು ಅಂತ ಫೋನ್ ಮಾಡಿ ಕೇಳಿ, ಮಾಸ್ಕಿಗಿಂತ ಆ ದಿನ ಬಿಪಿ ಬೀಳಿಸೋದು ಅದು.

ಹೊಟ್ಟೆ ಉಬ್ಬರಕ್ಕೆ ಕಾರಣ ಸಿಂಪಲ್, ಪ್ರೆಶರ್ 20ರ ಮೇಲೆ ಹೋದ್ರೆ ಅನ್ನನಾಳದ ಬಾಯಿ ತೆರೆದು ಗಾಳಿ ಹೊಟ್ಟೆಗೂ ನುಗ್ಗುತ್ತೆ, ಗಾಬರೀಲಿ ಗಾಳಿ ನುಂಗೋರಿಗೆ ಅದಕ್ಕಿಂತ ಕಮ್ಮಿ ಇದ್ರೂ ಆಗುತ್ತೆ. ಊಟ ಆಗಿ ಎರಡು ಗಂಟೆ ಬಿಟ್ಟು ಹಾಕಿ, ತಲೆಕಡೆ ಎತ್ತರ ಇರಲಿ. ವಾಂತಿ ಬರೋ ಹಾಗಾದ್ರೆ ಮಾಸ್ಕ್ ತಕ್ಷಣ ತೆಗೀಬೇಕು, ಅದಕ್ಕೇ ಅವರೇ ಒಂದು ಕೈಲಿ ತೆಗೆಯೋದನ್ನ ನಾಲ್ಕು ಸಲ ಹಗಲು ಮಾಡಿಸಿ ನೋಡಿ. ಎಬ್ಬಿಸಿದ್ರೂ ಸರಿಯಾಗಿ ಏಳದಷ್ಟು ಮಂಪರು ಇದ್ರೆ ಮನೇಲಿ ಮಾಸ್ಕ್ ಹಾಕಿ ಕಾಯೋ ಹಾಗಿಲ್ಲ, ಆಂಬ್ಯುಲೆನ್ಸ್ ಕರೀಬೇಕು. ಬೆಲ್ಟ್ ಬಿಗಿ ಮಾಡಬೇಡಿ, ಎರಡು ಬೆರಳು ಒಳಗೆ ಹೋಗಬೇಕು, ಇಲ್ಲಾಂದ್ರೆ ಮೂಗಿನ ಮೇಲೆ ಹುಣ್ಣಾಗಿ ಮೂರನೇ ದಿನಕ್ಕೇ ಬೇಡ ಅಂತಾರೆ. ಕರೆಂಟ್ ಹೋದ್ರೆ ಮಾಸ್ಕ್ ಮುಖದ ಮೇಲೆ ಇಟ್ಕೊಂಡೇ ಇರಬಾರದು, ಒಂದು ಯುಪಿಎಸ್ ಇದ್ರೆ ಒಳ್ಳೇದು.

ಬೀಡಿ ಬಗ್ಗೆ ಪತ್ರದಲ್ಲಿ ಬಿಟ್ಟಿದ್ದಾರೋ ಇಲ್ವೋ ಬರೆದಿಲ್ಲ, ಬಿಡದೇ ಇದ್ರೆ ಈ 70 ಸಾವಿರದಲ್ಲಿ ಅರ್ಧ ನೀರಿಗೆ ಹಾಕಿದ ಹಾಗೆ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿ.

ಇನ್ನೊಂದು, ನೀವೂ ಕಾಕಾನೂ ಏನಂತೀರ ಅಂತ ಬರೆದಿದೀರ, ಅಪ್ಪಾಜಿ ಏನಂದ್ರು ಅಂತ ಒಂದು ಸಾಲೂ ಇಲ್ಲ. ಮಾಸ್ಕ್ ಇರೋದು ಅವರ ಮುಖದ ಮೇಲೆ. ಬಾಡಿಗೆ ಮಷೀನ್ ಬಂದ ದಿನ ಹಗಲು ಟಿವಿ ನೋಡ್ತಾ ಅರ್ಧ ಗಂಟೆ ಹಾಕ್ಕೊಳ್ಳಲಿ, ಹೇಗನ್ಸುತ್ತೆ ಕೇಳಿ. ಮುಂದೆ ಯಾವತ್ತಾದ್ರೂ ಮಾಸ್ಕ್ ಸಾಕಾಗದೇ ಗಂಟಲಿಗೆ ಟ್ಯೂಬ್ ಹಾಕಬೇಕು ಅಂತ ಬಂದ್ರೆ ಅವರಿಗೆ ಅದು ಬೇಕಾ ಬೇಡ್ವಾ ಅನ್ನೋದನ್ನೂ ಈಗಲೇ, ಅವರು ಕೂತು ಚಹಾ ಕುಡೀತಾ ಮಾತಾಡೋ ಸ್ಥಿತೀಲಿ ಇರುವಾಗಲೇ ಕೇಳಿ ಇಟ್ಕೊಳ್ಳಿ, ಐಸಿಯು ಬಾಗಿಲಲ್ಲಿ ಫಾರಂ ಹಿಡ್ಕೊಂಡು ನಿಂತಾಗ ಆ ಪ್ರಶ್ನೆ ನಿಮ್ಮೊಬ್ಬರ ಮೇಲೆ ಬೀಳಬಾರದು. ಎಬಿಜಿ ರಿಪೋರ್ಟ್ ಬಂದ ಮೇಲೆ ನಂಬರ್ ಬರೆದು ಕಳಿಸಿ, ನೋಡಿ ಹೇಳ್ತೀನಿ.